ತಾನಾಗಿ ಎಚ್ಚರಗೊಳ್ಳುವ ಗಣಕಯಂತ್ರ: ಕೊಬ್ಬರಿ ವರ್ತಕರು ತಿಳಿದಿರಬೇಕಾದ ಸಂಗತಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ನಿದ್ರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಕದಲಿಸದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಗಿಟುಕಾಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಸದ್ದು ಬಂದರೆ ಕಾಯಿ ಒಡೆಯಲು ಸಿದ್ಧವೆಂದು ಅರ್ಥ. ಅವಧಿಗೆ ಮುನ್ನ ಒಡೆದರೆ ಹಸಿ ಉಳಿದು ಬೂಸಲು ಹಿಡಿಯುತ್ತದೆ. ಯಾವುದು ಎಷ್ಟು ಕಾಲ ಮಲಗಿರಬೇಕು, ಯಾವಾಗ ಏಳಬೇಕು ಎಂಬ ಲೆಕ್ಕದ ಮೇಲೆಯೇ ಈ ಸೀಮೆಯ ವ್ಯಾಪಾರ ನಿಂತಿದೆ.

ಇಂದು ನಮ್ಮ ಮಂಡಿಗಳಲ್ಲಿ ಮಲಗುವ, ಏಳುವ ಮತ್ತೊಂದು ವಸ್ತುವೂ ಬಂದು ಕುಳಿತಿದೆ. ಅದು ಗಣಕಯಂತ್ರ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಕಾರ್ಯಾರಂಭ ಮಾಡಿದ ನಂತರ, ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್‌ಗಳ ಜಂಟಿ ಸಂಸ್ಥೆಯಾದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಮೂಲಕ ಎಪಿಎಂಸಿ ಪ್ರಾಂಗಣಗಳಲ್ಲಿ ಇ-ಟೆಂಡರ್ ರೂಢಿಗೆ ಬಂದಿತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯೂ ಅದಕ್ಕೆ ಒಗ್ಗಿಕೊಂಡಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆಲ್ಲ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಒಂದು ಕಾಲಕ್ಕೆ ತಕ್ಕಡಿ ಹಾಗೂ ಖಾತೆ ಪುಸ್ತಕಗಳಿಗಿದ್ದ ಸ್ಥಾನವೇ ಇಂದು ಗಣಕಯಂತ್ರಕ್ಕಿದೆ. ತಕ್ಕಡಿ ತಪ್ಪಿದರೆ ವ್ಯಾಪಾರ ತಪ್ಪುವಂತೆ, ಯಂತ್ರ ಹೊತ್ತಿಗೆ ಸರಿಯಾಗಿ ಏಳದಿದ್ದರೂ ವ್ಯಾಪಾರ ತಪ್ಪುತ್ತದೆ.

ಈ ಲೇಖನದ ವಿಷಯ ಗಣಕಯಂತ್ರದ ನಿದ್ರಾದೋಷ. ದೋಷ ಎರಡು ಬಗೆಯದು. ಮೊದಲನೆಯದು, ಮಲಗಿಸಿದ ಯಂತ್ರ ಯಾರೂ ಮುಟ್ಟದೆ ತಾನಾಗಿ ಏಳುವುದು. ಎರಡನೆಯದು, ಏಳಬೇಕಾದ ಹೊತ್ತಿನಲ್ಲಿ ಪರದೆ ಕಪ್ಪಾಗಿಯೇ ಉಳಿದು, ಗುಂಡಿ ಎಷ್ಟು ಒತ್ತಿದರೂ ಏಳದಿರುವುದು. ಇವುಗಳನ್ನು ವೈರಸ್ ಎಂದೋ, ಯಂತ್ರ ಹಳೆಯದಾಯಿತೆಂದೋ ಭಾವಿಸಿ ಹೊಸದನ್ನು ಕೊಳ್ಳುವವರುಂಟು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಕಾರಣ ಸಣ್ಣದು, ಪರಿಹಾರಕ್ಕೆ ಖರ್ಚೂ ಇಲ್ಲ. ಹುಡುಕುವ ಕ್ರಮ ಮಾತ್ರ ತಿಳಿದಿರಬೇಕು.

ನಷ್ಟ ಎಲ್ಲಿದೆ?

ಉದಾಹರಣೆಗಾಗಿ ಒಂದು ಮಂಡಿಯನ್ನು ಕಲ್ಪಿಸಿಕೊಳ್ಳೋಣ. ಗುಮಾಸ್ತರು ರಾತ್ರಿ ಎಂಟಕ್ಕೆ ಲೆಕ್ಕದ ತಂತ್ರಾಂಶವನ್ನು ತೆರೆದಿಟ್ಟೇ ಯಂತ್ರವನ್ನು ಮಲಗಿಸಿ ಬಾಗಿಲು ಹಾಕುತ್ತಾರೆ. ಹನ್ನೊಂದಕ್ಕೆ ಯಂತ್ರ ತಾನಾಗಿ ಏಳುತ್ತದೆ. ಒಂದಕ್ಕೆ ವಿದ್ಯುತ್ ಹೋಗುತ್ತದೆ. ಸಾಮಾನ್ಯ 600 ವಿಎ ಯುಪಿಎಸ್‌ನೊಳಗಿರುವುದು 12 ವೋಲ್ಟ್, 7 ಆಂಪಿಯರ್ ಗಂಟೆಯ ಒಂದು ಬ್ಯಾಟರಿ. ಎಚ್ಚರವಿರುವ ಯಂತ್ರ ಹಾಗೂ ಪರದೆಗಳ ಹೊರೆಗೆ ಅದು ಹೆಚ್ಚು ಹೊತ್ತು ಬಾಳುವುದಿಲ್ಲ. ಬ್ಯಾಟರಿ ಬರಿದಾದೊಡನೆ ಯಂತ್ರ ಧುತ್ತನೆ ನಿಲ್ಲುತ್ತದೆ. ತೆರೆದಿದ್ದ ಲೆಕ್ಕದ ಕಡತ ಕೆಡುವ ಅಪಾಯ ಇರುವುದು ಇಲ್ಲಿಯೇ. ಬೆಳಗ್ಗೆ ಟೆಂಡರಿನ ವೇಳೆಗೆ ಕಡತ ದುರಸ್ತಿಗೆ ಕುಳಿತವರು ರಾಶಿಗಳಿಗೆ ದರ ನಮೂದಿಸುವುದು ಯಾವಾಗ?

ಇ-ಟೆಂಡರಿನಲ್ಲಿ ದರ ನಮೂದಿಸಲು ನಿಗದಿತ ಅವಧಿಯಿದೆ. ಅವಧಿ ಮುಗಿದ ಬಳಿಕ ಕೂಗಿ ಹೇಳಲು ಹರಾಜು ಕಟ್ಟೆಯಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2025ರ ಹಂಗಾಮಿಗೆ ನಿಗದಿಪಡಿಸಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಈ ಕನಿಷ್ಠ ದರದಲ್ಲಿ ಲೆಕ್ಕ ಹಾಕಿದರೂ 50 ಕ್ವಿಂಟಲಿನ ಖರೀದಿ 6 ಲಕ್ಷ ರೂಪಾಯಿ ದಾಟುತ್ತದೆ. ಒಂದು ದಿನದ ಟೆಂಡರು ತಪ್ಪಿದರೆ, ಒಪ್ಪಿಕೊಂಡ ಲೋಡನ್ನು ಹೊರ ರಾಜ್ಯದ ಖರೀದಿದಾರನಿಗೆ ಹೊತ್ತಿಗೆ ಕಳಿಸಲಾಗುವುದಿಲ್ಲ. ರೈತನಿಗೂ ಸ್ಪರ್ಧಿಸುವವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಇನ್ನು ರಾತ್ರಿ ಲಾರಿ ತುಂಬಿ ಚಾಲಕ ಕಾದು ನಿಂತಿರುವಾಗ ಇ-ವೇ ಬಿಲ್ ತೆಗೆಯಬೇಕಾದ ಯಂತ್ರ ಏಳದಿದ್ದರೆ ಆಗುವ ಪೇಚಾಟವನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ಎಚ್ಚರಿಕೆ ನಮ್ಮ ಸರಕಿಗೇ ಸಂಬಂಧಿಸಿದ್ದು. ಕೊಬ್ಬರಿ ಎಣ್ಣೆಯಂಶದ ಪದಾರ್ಥ. ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ನಿಯಮಾವಳಿಯು ಅದನ್ನು ತಾನಾಗಿ ಬಿಸಿಯೇರುವ ವಸ್ತುಗಳ ವರ್ಗದಲ್ಲಿ ಇರಿಸಿದೆ. ಅಂತಹ ಸರಕಿನ ನಡುವೆ, ದೂಳು ತುಂಬಿದ ಯಂತ್ರವೋ ಚೀಲದೊಳಗಿನ ಲ್ಯಾಪ್‌ಟಾಪೋ ಯಾರ ಗಮನಕ್ಕೂ ಬಾರದೆ ರಾತ್ರಿಯಿಡೀ ಬಿಸಿಯಾಗುತ್ತಿರುವುದು ಕ್ಷೇಮವಲ್ಲ.

ನಿದ್ರೆಯ ಮೆಟ್ಟಿಲುಗಳು

ಗಣಕಯಂತ್ರದ ನಿದ್ರೆಗೆ ಮೆಟ್ಟಿಲುಗಳಿವೆ. ಎಸ್0 ಎಂದರೆ ಪೂರ್ಣ ಎಚ್ಚರ. ಎಸ್3 ಎಂದರೆ ನಾವು ಸಾಮಾನ್ಯವಾಗಿ 'ಸ್ಲೀಪ್' ಎನ್ನುವ ಸ್ಥಿತಿ. ಇದರಲ್ಲಿ ಸಂಸ್ಕಾರಕಕ್ಕೆ ವಿದ್ಯುತ್ ನಿಲ್ಲುತ್ತದೆ, ತಾತ್ಕಾಲಿಕ ಸ್ಮೃತಿಗೆ ಮಾತ್ರ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಆ ಹರಿವು ತಪ್ಪಿದರೆ ಉಳಿಸದ ಕೆಲಸವೆಲ್ಲ ಹೋಯಿತು. ಎಸ್4 ಎಂದರೆ 'ಹೈಬರ್ನೇಟ್'. ಇಲ್ಲಿ ಸ್ಮೃತಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಮಲಗುತ್ತದೆ. ಆ ಬಳಿಕ ವಿದ್ಯುತ್ ಹೋದರೂ ನಷ್ಟವಿಲ್ಲ. ಎಸ್5 ಎಂದರೆ ಯಂತ್ರವನ್ನು ಆರಿಸಿದ ಸ್ಥಿತಿ. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್3 ಇಲ್ಲವೇ ಇಲ್ಲ. ಅದರ ಬದಲು ಎಸ್0 ಸ್ಥಿತಿಯಲ್ಲಿಯೇ ಮೊಬೈಲಿನಂತೆ ತೂಕಡಿಸುವ 'ಮಾಡರ್ನ್ ಸ್ಟ್ಯಾಂಡ್‌ಬೈ' ಇರುತ್ತದೆ. ಹೊಸ ಲ್ಯಾಪ್‌ಟಾಪು ಮುಚ್ಚಿದ ಮೇಲೂ ಬಿಸಿಯಾಗಿರುತ್ತದೆ ಎಂಬ ದೂರಿನ ಮೂಲ ಅನೇಕ ವೇಳೆ ಇದೇ.

ಮಲಗಿದ ಯಂತ್ರವನ್ನು ಏಳಿಸುವ ಅಧಿಕಾರ ಯಾರಿಗಿದೆ? ಪವರ್ ಗುಂಡಿಗಿದೆ. ಕೀಲಿಮಣೆ, ಮೌಸ್, ಜಾಲದ ತಂತಿ ಸೇರುವ ಲ್ಯಾನ್ ಕಾರ್ಡ್, ಲ್ಯಾಪ್‌ಟಾಪಿನ ಮುಚ್ಚಳ, ಒಳಗಿನ ಗಡಿಯಾರ ಇವುಗಳಿಗೂ ಅಧಿಕಾರ ಕೊಡಬಹುದು. ಯಾರಿಗೆ ಕೊಟ್ಟಿದೆ, ಯಾರಿಗೆ ಕೊಟ್ಟಿಲ್ಲ ಎಂಬುದರ ಪಟ್ಟಿ ಯಂತ್ರದೊಳಗೇ ಇದೆ. ದೋಷ ಸಾಮಾನ್ಯವಾಗಿ ಅಡಗಿರುವುದು ಆ ಪಟ್ಟಿಯಲ್ಲಿ.

ಯಂತ್ರದ ಪಹಣಿ

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಸೇರಿ ಎಸಿಪಿಐ ಎಂಬ ಮಾನಕವನ್ನು ಪ್ರಕಟಿಸಿದವು. ಯಂತ್ರದ ವಿದ್ಯುತ್ ನಿರ್ವಹಣೆಯನ್ನು ಕಾರ್ಯಾಚರಣ ವ್ಯವಸ್ಥೆಗೆ ವಹಿಸುವುದು ಇದರ ಉದ್ದೇಶ. 2013ರ ಅಕ್ಟೋಬರಿನಿಂದ ಇದರ ಪಾಲನೆ ಯುಇಎಫ್‌ಐ ವೇದಿಕೆಯ ಕೈಯಲ್ಲಿದೆ. ಈ ಮಾನಕದ ಪ್ರಕಾರ ಮದರ್‌ಬೋರ್ಡ್ ತಯಾರಕರು ತಮ್ಮ ಫರ್ಮ್‌ವೇರಿನಲ್ಲಿ ಕೆಲವು ಕೋಷ್ಟಕಗಳನ್ನು ಬರೆದಿಡಬೇಕು. ಅವುಗಳಲ್ಲಿ ಮುಖ್ಯವಾದುದು ಡಿಎಸ್‌ಡಿಟಿ. ಯಾವ ಸಾಧನ ಎಲ್ಲಿದೆ, ಅದನ್ನು ಮಲಗಿಸುವುದು ಹೇಗೆ, ಅದು ಯಂತ್ರವನ್ನು ಎಷ್ಟು ಗಾಢ ನಿದ್ರೆಯಿಂದ ಏಳಿಸಬಲ್ಲದು ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಯಂತ್ರ ಚಾಲೂ ಆದೊಡನೆ ಈ ಕೋಷ್ಟಕವನ್ನು ಓದಿ, ಅದರಲ್ಲಿ ಬರೆದಂತೆ ನಡೆಯುತ್ತದೆ.

ಇದನ್ನು ನಮ್ಮ ಪಹಣಿಗೆ ಹೋಲಿಸಬಹುದು. ತೋಟ ಇರುವುದು ಒಂದು ಕಡೆ, ಕಾಗದದಲ್ಲಿ ಬರೆದಿರುವುದು ಇನ್ನೊಂದು ಕಡೆ. ಸಾಲ ಕೊಡುವ ಬ್ಯಾಂಕು ತೋಟಕ್ಕೆ ಬಂದು ಮರ ಎಣಿಸುವುದಿಲ್ಲ, ಪಹಣಿಯನ್ನು ನೋಡುತ್ತದೆ. ಸರ್ವೆ ನಂಬರು ತಪ್ಪಿದ್ದರೆ ಮರ ಎಷ್ಟೇ ಫಸಲು ಕೊಟ್ಟರೂ ಸಾಲ ಸಿಕ್ಕುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯೂ ಹಾಗೆಯೇ. ಯಂತ್ರಾಂಶ ಗಟ್ಟಿಯಾಗಿಯೇ ಇದ್ದರೂ ಕೋಷ್ಟಕದಲ್ಲಿ ಒಂದು ಸಂಖ್ಯೆ ತಪ್ಪಿದ್ದರೆ ತಪ್ಪು ಸಾಧನಕ್ಕೆ ಏಳಿಸುವ ಅಧಿಕಾರ ಹೋಗುತ್ತದೆ, ಇಲ್ಲವೇ ಎದ್ದ ಬಳಿಕ ಸಾಧನಗಳನ್ನು ಮತ್ತೆ ಚಾಲೂ ಮಾಡುವ ಸೂಚನೆಗಳು ಅರ್ಧಕ್ಕೆ ನಿಲ್ಲುತ್ತವೆ.

ಕೋಷ್ಟಕದ ದೋಷಗಳಲ್ಲಿ ಹಲವು ಬಗೆಗಳಿವೆ. ಇಲ್ಲದ ಸಾಧನದ ಹೆಸರನ್ನು ಉಲ್ಲೇಖಿಸಿರುವುದು ಒಂದು. ನಿದ್ರೆಯಲ್ಲಿ ವಿದ್ಯುತ್ತೇ ಹರಿಯದ ಸಾಧನವನ್ನು ಏಳಿಸಬಲ್ಲದೆಂದು ಬರೆದಿರುವುದು ಇನ್ನೊಂದು. ಎದ್ದ ನಂತರ ನಡೆಯಬೇಕಾದ ಕಾರ್ಯವಿಧಿ ಕೊನೆಯಲ್ಲಿ ನೀಡಬೇಕಾದ ಉತ್ತರವನ್ನು ನೀಡದೆ ಮುಗಿದುಬಿಡುವುದು ಮತ್ತೊಂದು. ಇವುಗಳ ಜೊತೆಗೆ, ದೋಷವಲ್ಲದಿದ್ದರೂ ಗೊಂದಲ ಹುಟ್ಟಿಸುವ ಒಂದು ಸಂಗತಿಯಿದೆ. ಅನೇಕ ಬೋರ್ಡುಗಳಲ್ಲಿ ಯುಎಸ್‌ಬಿ, ಲ್ಯಾನ್, ಧ್ವನಿ ಸಾಧನಗಳು ಏಳಿಸುವ ಸಂಕೇತಕ್ಕೆ ಒಂದೇ ಮಾರ್ಗವನ್ನು ಹಂಚಿಕೊಂಡಿರುತ್ತವೆ. ಒಂದೇ ಗಂಟೆಗೆ ಮೂರು ಹಗ್ಗ ಕಟ್ಟಿದಂತೆ. ಗಂಟೆ ಬಾರಿಸಿತೆಂಬುದು ತಿಳಿಯುತ್ತದೆ, ಯಾವ ಹಗ್ಗ ಎಳೆದವರು ಯಾರೆಂಬುದು ತಿಳಿಯುವುದಿಲ್ಲ.

ತಪ್ಪು ಹೇಗೆ ಉಳಿಯಿತು?

ಇಷ್ಟು ಮುಖ್ಯವಾದ ಕೋಷ್ಟಕದಲ್ಲಿ ತಪ್ಪುಗಳು ಏಕೆ ಉಳಿಯುತ್ತವೆ ಎಂಬ ಪ್ರಶ್ನೆ ಸಹಜ. ಕೋಷ್ಟಕವನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರಲು ಎರಡು ಪರಿವರ್ತಕ ತಂತ್ರಾಂಶಗಳು ಬಳಕೆಯಲ್ಲಿದ್ದವು, ಒಂದು ಮೈಕ್ರೋಸಾಫ್ಟಿನದು, ಇನ್ನೊಂದು ಇಂಟೆಲಿನದು. ಮೈಕ್ರೋಸಾಫ್ಟಿನ ಪರಿವರ್ತಕ ಕೆಲವು ತಪ್ಪುಗಳನ್ನು ಕಂಡೂ ಕಾಣದಂತೆ ಬಿಡುತ್ತಿತ್ತು. ಇಂಟೆಲಿನದು ಅವನ್ನೇ ದೋಷವೆಂದು ತಡೆಯುತ್ತಿತ್ತು. ಮೇಲಾಗಿ ತಯಾರಕರು ಬೋರ್ಡನ್ನು ಪರೀಕ್ಷಿಸುತ್ತಿದ್ದುದು ಬಹುಪಾಲು ವಿಂಡೋಸಿನಲ್ಲಿ. ಅಲ್ಲಿ ನಡೆದರೆ ಸಾಕು, ಸರಕು ಮಾರಾಟಕ್ಕೆ ಸಿದ್ಧ.

ವಾಣಿಜ್ಯ ಪೈಪೋಟಿಯ ನೆರಳೂ ಈ ಚರಿತ್ರೆಯಲ್ಲಿದೆ. ಎಸಿಪಿಐ ವಿಸ್ತರಣೆಗಳು ವಿಂಡೋಸಿಗೆ ಮಾತ್ರ ಅನುಕೂಲವಾಗುವಂತೆ ಮಾಡಬಹುದೇ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಬರೆದಿದ್ದ ಆಂತರಿಕ ಪತ್ರವು ಮುಂದೆ ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಬಹಿರಂಗವಾಯಿತು. ಆ ಆಲೋಚನೆ ಅಲ್ಲಿಗೇ ನಿಂತಿತೆಂದು ಇಟ್ಟುಕೊಂಡರೂ, ಕೋಷ್ಟಕವು ತನ್ನನ್ನು ಓದುತ್ತಿರುವ ವ್ಯವಸ್ಥೆ ಯಾವುದೆಂದು ಕೇಳುವ ಪದ್ಧತಿ ಉಳಿಯಿತು. ಲಿನಕ್ಸ್ ಎಂದು ಉತ್ತರಿಸಿದರೆ ಪರೀಕ್ಷಿಸದೆ ಬಿಟ್ಟ ದಾರಿಯಲ್ಲಿ ಸಾಗಬೇಕಾಗುತ್ತಿತ್ತು. ಆದ್ದರಿಂದ 2007ರಲ್ಲಿ ಹೊರಬಂದ 2.6.23ನೇ ಆವೃತ್ತಿಯಿಂದ ಲಿನಕ್ಸ್ ತಿರುಳು ಹಾಗೆ ಉತ್ತರಿಸುವುದನ್ನು ಬಿಟ್ಟು, ವಿಂಡೋಸಿನ ಹೆಸರುಗಳಿಗೆ ಮಾತ್ರ ಹೌದು ಎನ್ನುತ್ತದೆ. ಊರಿನ ವ್ಯವಹಾರ ಬಲ್ಲವರಿಗೆ ಈ ಜಾಣತನ ಹೊಸದೇನಲ್ಲ.

ಈ ಹಳೆಯ ಕಥೆ ನಮಗೆ ಇಂದು ಏಕೆ ಬೇಕು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಮೊದಲಾದ ನಿಬಂಧನೆಗಳಿಂದಾಗಿ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಏರಲಾರವು. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಲಿನಕ್ಸ್ ಹಾಕಿಸುತ್ತಿದ್ದಾರೆ. ವಿಂಡೋಸ್ ಮರೆಮಾಚಿದ್ದ ಕೋಷ್ಟಕದ ತಪ್ಪುಗಳು ಆಗ ಹೊರಬರುತ್ತವೆ.

ಮೊದಲು ಹೊರಗಿನ ಕಾರಣಗಳನ್ನು ನೋಡಿ

ಕೋಷ್ಟಕವನ್ನು ದೂರುವ ಮೊದಲು ಮೂರು ಸರಳ ಸಂಗತಿಗಳನ್ನು ಪರಿಶೀಲಿಸಬೇಕು. ವಿದ್ಯುತ್ ಪದೇ ಪದೇ ಹೋಗಿಬರುವ ನಮ್ಮ ಸೀಮೆಯಲ್ಲಿ ಇವೇ ಹೆಚ್ಚಾಗಿ ತಪ್ಪಿತಸ್ಥರು.

ಒಂದು: ಬಯಾಸ್‌ನಲ್ಲಿ ವಿದ್ಯುತ್ ಹೋಗಿ ಬಂದ ಮೇಲೆ ಯಂತ್ರ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ಅದು 'ಚಾಲೂ ಆಗು' ಎಂದಿದ್ದರೆ, ಮಧ್ಯರಾತ್ರಿ ವಿದ್ಯುತ್ ಬಂದೊಡನೆ ಯಂತ್ರವೂ ಎದ್ದು ಕೂರುತ್ತದೆ. ಇದು ನಿದ್ರೆಯಿಂದ ಏಳುವುದಲ್ಲ, ಆರಿದ ಯಂತ್ರ ಹೊಸದಾಗಿ ಚಾಲೂ ಆಗುವುದು. ಬೆಳಗ್ಗೆ ಬಂದಾಗ ನಿನ್ನೆ ತೆರೆದಿಟ್ಟ ಕಿಟಕಿಗಳು ಪರದೆಯ ಮೇಲೆ ಇಲ್ಲದಿದ್ದರೆ ಮೊದಲು ಈ ಆಯ್ಕೆಯನ್ನೇ ನೋಡಿ.

ಎರಡು: ಬೋರ್ಡಿನ ಮೇಲೆ ನಾಣ್ಯದಾಕಾರದ ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಸತ್ತರೆ, ವಿದ್ಯುತ್ ಪೂರ್ತಿ ಹೋದಾಗಲೆಲ್ಲ ದಿನಾಂಕ ತಪ್ಪುತ್ತದೆ. ಹಲವು ಬೋರ್ಡುಗಳಲ್ಲಿ ನೀವು ಬದಲಿಸಿದ ಬಯಾಸ್ ಆಯ್ಕೆಗಳೂ ಹಳೆಯ ಸ್ಥಿತಿಗೆ ಮರಳುತ್ತವೆ. ದಿನಾಂಕ ತಪ್ಪಿದ ಯಂತ್ರದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಟೆಂಡರಿನ ತಾಣವೂ ಸೇರಿದಂತೆ. ಅಲ್ಪ ಬೆಲೆಯ ಬ್ಯಾಟರಿಯೊಂದನ್ನು ಬದಲಿಸಿದರೆ ಎರಡು ತೊಂದರೆ ಒಟ್ಟಿಗೆ ತೀರುತ್ತವೆ.

ಮೂರು: ಜಾಲದ ಮೂಲಕ ಏಳಿಸುವ ಸೌಲಭ್ಯ. ಆರು ನಿಗದಿತ ಬೈಟುಗಳು, ಅವುಗಳ ಹಿಂದೆ ಹದಿನಾರು ಸಲ ಯಂತ್ರದ ಲ್ಯಾನ್ ವಿಳಾಸ, ಇಷ್ಟಿರುವ ಒಂದು ಸಂದೇಶ ತಲುಪಿದರೆ ಮಲಗಿದ ಯಂತ್ರ ಏಳುತ್ತದೆ. ಈ ಸಂದೇಶಕ್ಕೆ ಮಾತ್ರ ಏಳುವಂತಿದ್ದರೆ ತೊಂದರೆಯಿಲ್ಲ. ಜಾಲದಲ್ಲಿ ಹಾದುಹೋಗುವ ಇತರ ಸಂದೇಶಗಳಿಗೂ ಏಳುವಂತೆ ಆಯ್ಕೆ ಇದ್ದರೆ ಯಂತ್ರಕ್ಕೆ ನಿದ್ರೆಯೇ ಇರುವುದಿಲ್ಲ. ದೂರದಿಂದ ಯಂತ್ರ ಏಳಿಸುವ ಅಗತ್ಯವಿಲ್ಲದ ಮಂಡಿಗಳು ಇದನ್ನು ಪೂರ್ತಿ ನಿಲ್ಲಿಸುವುದು ಲೇಸು.

ವಿಂಡೋಸಿನಲ್ಲಿ ತಪಾಸಣೆ

ವಿಂಡೋಸ್ ತನ್ನೊಳಗೇ ಪವರ್‌ಸಿಎಫ್‌ಜಿ ಎಂಬ ಉಪಕರಣವನ್ನು ಇಟ್ಟುಕೊಂಡಿದೆ. ನಿರ್ವಾಹಕರ ಅಧಿಕಾರದಲ್ಲಿ ಆದೇಶದ ಕಿಟಕಿಯನ್ನು ತೆರೆದು ಇದನ್ನು ಬಳಸಬೇಕು. ಅದಕ್ಕೆ 'ಲಾಸ್ಟ್‌ವೇಕ್' ಎಂಬ ಸೂಚನೆ ಕೊಟ್ಟರೆ ಕಳೆದ ಬಾರಿ ಏಳಿಸಿದವರು ಯಾರೆಂದು ತಿಳಿಸುತ್ತದೆ. 'ವೇಕ್‌ಟೈಮರ್ಸ್' ಎಂದರೆ ಮುಂದೆ ಯಾವ ಹೊತ್ತಿಗೆ ಏಳಿಸಲು ಯಾವ ತಂತ್ರಾಂಶ ಗಡಿಯಾರ ಇಟ್ಟಿದೆ ಎಂಬುದು ಕಾಣುತ್ತದೆ. ಪರಿಷ್ಕರಣೆ ಇಳಿಸುವ ಕಾರ್ಯಗಳು ಇಲ್ಲಿ ಸಿಕ್ಕಿಬೀಳುವುದುಂಟು. 'ಡಿವೈಸ್‌ಕ್ವೆರಿ' ಜೊತೆ 'ವೇಕ್ ಆರ್ಮ್ಡ್' ಎಂದು ಕೇಳಿದರೆ ಏಳಿಸುವ ಅಧಿಕಾರ ಪಡೆದ ಸಾಧನಗಳ ಪಟ್ಟಿ ಬರುತ್ತದೆ. ಕೇವಲ 'ಎ' ಎಂಬ ಸೂಚನೆಗೆ ನಿಮ್ಮ ಯಂತ್ರದಲ್ಲಿ ಎಸ್3, ಎಸ್4 ಅಥವಾ ಮಾಡರ್ನ್ ಸ್ಟ್ಯಾಂಡ್‌ಬೈ ಇವುಗಳಲ್ಲಿ ಯಾವುದಿದೆ ಎಂಬ ಉತ್ತರ ಸಿಗುತ್ತದೆ.

ಪಟ್ಟಿಯಲ್ಲಿ ಬೇಡದ ಸಾಧನ ಕಂಡರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ವಿದ್ಯುತ್ ನಿರ್ವಹಣೆಯ ಪುಟಕ್ಕೆ ಹೋಗಿ, ಯಂತ್ರವನ್ನು ಏಳಿಸಲು ಅನುಮತಿ ಎಂಬ ಗುರುತನ್ನು ತೆಗೆಯಬೇಕು. ಮೇಜು ಅಲುಗಿದರೂ ಎಚ್ಚರಗೊಳ್ಳುವ ಮೌಸ್ ಇದಕ್ಕೆ ಸಾಮಾನ್ಯ ಉದಾಹರಣೆ. ಪಕ್ಕದಲ್ಲಿ ಹಮಾಲರು ಚೀಲ ಇಳಿಸುವ ಮಂಡಿಯಲ್ಲಿ ಮೇಜು ಅಲುಗದೆ ಇರುವುದುಂಟೆ?

ಲಿನಕ್ಸಿನಲ್ಲಿ ತಪಾಸಣೆ

ಲಿನಕ್ಸಿನಲ್ಲಿ 'ಪ್ರಾಕ್' ಕಡತಕೋಶದೊಳಗೆ 'ಎಸಿಪಿಐ' ಎಂಬ ಕೋಶ, ಅದರೊಳಗೆ 'ವೇಕಪ್' ಎಂಬ ಕಡತ ಇರುತ್ತದೆ. ಓದಿದರೆ ನಾಲ್ಕು ಅಂಕಣಗಳ ಪಟ್ಟಿ ಕಾಣುತ್ತದೆ: ಕೋಷ್ಟಕದಲ್ಲಿರುವಂತೆ ಸಾಧನದ ಹೆಸರು, ಅದು ಏಳಿಸಬಲ್ಲ ಅತಿ ಗಾಢ ನಿದ್ರೆಯ ಹಂತ, ಸದ್ಯ ಅಧಿಕಾರ ಇದೆಯೇ ಇಲ್ಲವೇ ಎಂಬ ಸ್ಥಿತಿ, ಕೊನೆಯಲ್ಲಿ ಆ ಸಾಧನದ ಸ್ಥಳ. ಎಕ್ಸ್‌ಎಚ್‌ಸಿ ಅಥವಾ ಇಎಚ್‌ಸಿ ಎಂದಿರುವುದು ಯುಎಸ್‌ಬಿ ನಿಯಂತ್ರಕ. ಜಿಎಲ್‌ಎಎನ್ ಲ್ಯಾನ್ ಸಾಧನ. ಪಿಡಬ್ಲ್ಯುಆರ್‌ಬಿ ಪವರ್ ಗುಂಡಿ. ಆರ್‌ಪಿ ಎಂದು ಆರಂಭವಾಗುವುವು ಒಳಗಿನ ಕಾರ್ಡುಗಳು ಸೇರುವ ದ್ವಾರಗಳು.

ಸಾಧನದ ಹೆಸರನ್ನು ಅದೇ ಕಡತಕ್ಕೆ ಬರೆದರೆ ಅದರ ಸ್ಥಿತಿ ಬದಲಾಗುತ್ತದೆ. ಇಲ್ಲಿ ಎರಡು ಮಾತು ನೆನಪಿರಲಿ. ಮೊದಲನೆಯದು, ಇದು ಗೋಡೆಯ ಸ್ವಿಚ್ಚಿನಂತಲ್ಲ, ಹಗ್ಗ ಎಳೆಯುವ ಸ್ವಿಚ್ಚಿನಂತೆ. ಒಮ್ಮೆ ಬರೆದರೆ ಅಧಿಕಾರ ಹೋಗುತ್ತದೆ, ಅದನ್ನೇ ಮತ್ತೆ ಬರೆದರೆ ಅಧಿಕಾರ ಮರಳುತ್ತದೆ. ತಂತ್ರಜ್ಞರು ಖಚಿತಪಡಿಸಿಕೊಳ್ಳಲೆಂದು ಎರಡು ಸಲ ಬರೆದು, ಏನೂ ಆಗಲಿಲ್ಲವೆಂದು ತಲೆ ಕೆರೆದುಕೊಳ್ಳುವುದುಂಟು. ಬರೆದ ಬಳಿಕ ಪಟ್ಟಿಯನ್ನು ಮತ್ತೆ ಓದಿ ನೋಡಬೇಕು. ಎರಡನೆಯದು, ಯಂತ್ರವನ್ನು ಆರಿಸಿ ಚಾಲೂ ಮಾಡಿದರೆ ಈ ಬದಲಾವಣೆ ಉಳಿಯುವುದಿಲ್ಲ. ಪ್ರತಿ ಬಾರಿ ತಾನಾಗಿ ಅನ್ವಯವಾಗುವಂತೆ ಆರಂಭದ ಕಾರ್ಯಗಳಲ್ಲಿ ಸೇರಿಸಿಡಬೇಕು. ಪವರ್ ಗುಂಡಿಯ ಅಧಿಕಾರವನ್ನು ಮಾತ್ರ ಎಂದೂ ತೆಗೆಯಬಾರದು, ಬಾಗಿಲು ಹಾಕಿ ಕೀಲಿಯನ್ನು ಒಳಗೇ ಬಿಟ್ಟಂತಾಗುತ್ತದೆ.

ನಮ್ಮ ಕಲ್ಪನೆಯ ಮಂಡಿಗೆ ಮರಳೋಣ. ಯಂತ್ರ ಮಲಗಿಸಿದ ಕೆಲವೇ ಕ್ಷಣಗಳಲ್ಲಿ ಏಳುತ್ತಿದೆ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಎಕ್ಸ್‌ಎಚ್‌ಸಿ, ಜಿಎಲ್‌ಎಎನ್ ಮತ್ತು ಪಿಡಬ್ಲ್ಯುಆರ್‌ಬಿ ಅಧಿಕಾರ ಪಡೆದಿವೆ. ಮೊದಲು ಲ್ಯಾನ್ ತಂತಿಯನ್ನು ಬಿಚ್ಚಿ ಮಲಗಿಸಿ ನೋಡುವುದು. ಆಗಲೂ ಎದ್ದರೆ ತಂತಿಯನ್ನು ಮರಳಿ ಜೋಡಿಸಿ, ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ತೆಗೆಯುವುದು: ಮುದ್ರಕ, ಡಿಜಿಟಲ್ ಸಹಿಯ ಟೋಕನ್, ಮೌಸ್. ಟೋಕನ್ ತೆಗೆದಾಗ ಯಂತ್ರ ಶಾಂತವಾಗಿ ಮಲಗಿದರೆ ದೋಷ ಆ ದಾರಿಯಲ್ಲಿದೆ. ಆಗ ಎಕ್ಸ್‌ಎಚ್‌ಸಿಯ ಅಧಿಕಾರವನ್ನು ತೆಗೆದು, ಟೋಕನ್ ಮರಳಿ ಹಾಕಿ ಮಲಗಿಸಬೇಕು. ಈಗಲೂ ಮಲಗಿಯೇ ಇದ್ದರೆ ನಿರ್ಣಯ ಖಚಿತ. ಅಲ್ಲಿಂದ ಮುಂದೆ ಕೀಲಿಮಣೆಯಿಂದ ಯಂತ್ರ ಏಳುವುದಿಲ್ಲ, ಪವರ್ ಗುಂಡಿಯನ್ನೇ ಒತ್ತಬೇಕು. ಈ ಮಾತನ್ನು ಗುಮಾಸ್ತರಿಗೆ ತಿಳಿಸದಿದ್ದರೆ ಮರುದಿನ ಯಂತ್ರ ಕೆಟ್ಟಿತೆಂಬ ಹೊಸ ದೂರು ಬರುತ್ತದೆ.

ಈ ಕೆಲಸದ ನಿಯಮ ಒಂದೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಏನು ಬದಲಿಸಿದಿರಿ, ಏನಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಒಮ್ಮೆಗೇ ಮೂರನ್ನು ಬದಲಿಸಿ ಸರಿಹೋಯಿತೆಂದರೆ, ಸರಿಪಡಿಸಿದ್ದು ಯಾವುದೆಂದು ತಿಳಿಯದೆ ಮುಂದಿನ ಸಲ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ.

ಕೋಷ್ಟಕವೇ ತಪ್ಪಿದ್ದರೆ

ಮೇಲಿನ ಯಾವುದರಿಂದಲೂ ಗುಣ ಕಾಣದೆ, ಅಥವಾ ಎದ್ದ ಯಂತ್ರದ ಪರದೆ ಕಪ್ಪಾಗಿಯೇ ಉಳಿಯುತ್ತಿದ್ದರೆ, ಫರ್ಮ್‌ವೇರನ್ನು ಶಂಕಿಸಬೇಕಾಗುತ್ತದೆ. ಲಿನಕ್ಸಿನ ತಿರುಳು ಚಾಲೂ ಆಗುವಾಗ ಬರೆಯುವ ದಿನಚರಿಯಲ್ಲಿ 'ಎಸಿಪಿಐ ಬಯಾಸ್ ಎರರ್' ಎಂಬ ಸಾಲುಗಳಿವೆಯೇ ನೋಡಬೇಕು. ಅವೆಲ್ಲವೂ ಅಪಾಯದ ಸಾಲುಗಳಲ್ಲ, ಅನೇಕವು ನಿರುಪದ್ರವಿ. ಮಲಗುವಾಗ ಅಥವಾ ಏಳುವಾಗ ಬರುವ ಸಾಲುಗಳಿಗೆ ಮಾತ್ರ ಹೆಚ್ಚಿನ ಮಹತ್ವ ಕೊಡಬೇಕು. ಉಬುಂಟು ಹಿಂದಿರುವ ಕೆನೋನಿಕಲ್ ಸಂಸ್ಥೆ ರೂಪಿಸಿದ ಫರ್ಮ್‌ವೇರ್ ಪರೀಕ್ಷಾ ತಂತ್ರಾಂಶ ಈ ಕೋಷ್ಟಕಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ.

ಪರಿಹಾರದ ಮೊದಲ ಹೆಜ್ಜೆ ತಯಾರಕರು ಹೊರತಂದಿರುವ ಹೊಸ ಬಯಾಸ್. ಪಹಣಿಯ ತಪ್ಪನ್ನು ತಾಲ್ಲೂಕು ಕಚೇರಿಯಲ್ಲಿಯೇ ತಿದ್ದಿಸುವ ಕ್ರಮ ಇದು. ಆದರೆ ಬಯಾಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಬೋರ್ಡ್ ಮತ್ತೆ ಏಳದಿರುವ ಸಂಭವವುಂಟು. ಯುಪಿಎಸ್ ಬ್ಯಾಟರಿ ಪರೀಕ್ಷಿಸದೆ, ಟೆಂಡರಿನ ಹಿಂದಿನ ದಿನ, ಈ ಕೆಲಸಕ್ಕೆ ಯಾರೂ ಕೈಹಾಕಬಾರದು.

ತಯಾರಕರಿಂದ ತಿದ್ದುಪಡಿ ಬಾರದಿದ್ದರೆ ಲಿನಕ್ಸಿನಲ್ಲಿ ಇನ್ನೊಂದು ದಾರಿಯಿದೆ. ಯಂತ್ರದಲ್ಲಿರುವ ಕೋಷ್ಟಕವನ್ನು ಹೊರತೆಗೆದು, ಇಂಟೆಲಿನ ಐಎಎಸ್‌ಎಲ್ ತಂತ್ರಾಂಶದಿಂದ ಓದಬಲ್ಲ ರೂಪಕ್ಕೆ ತಂದು, ತಪ್ಪನ್ನು ತಿದ್ದಿ, ಕೋಷ್ಟಕದ ಆವೃತ್ತಿ ಸಂಖ್ಯೆಯನ್ನು ಹೆಚ್ಚಿಸಿ, ಚಾಲೂ ಆಗುವ ಮೊದಲ ಹಂತದಲ್ಲಿಯೇ ತಿರುಳಿಗೆ ಒಪ್ಪಿಸುವುದು. ಇದರಿಂದ ಬೋರ್ಡಿನೊಳಗಿನ ಮೂಲ ಬದಲಾಗುವುದಿಲ್ಲ. ತಿದ್ದಿದ ಪ್ರತಿಯನ್ನು ತೆಗೆದುಹಾಕಿದರೆ ಯಂತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ತಿರುಳು ಇಂತಹ ಪ್ರತಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಪ್ಪಾಗಿ ತಿದ್ದಿದ ಕೋಷ್ಟಕದಿಂದ ತಾಪಮಾನದ ನಿಯಂತ್ರಣವೂ ಕೆಡಬಹುದು. ಬಯಾಸ್ ಆವೃತ್ತಿ ಬದಲಾದಾಗ ಹಳೆಯ ತಿದ್ದುಪಡಿಯನ್ನು ಹಾಗೆಯೇ ಮುಂದುವರಿಸುವುದೂ ಸಲ್ಲದು. ಆದುದರಿಂದ ಇದು ಬಲ್ಲವರ ಕೆಲಸ, ಪ್ರಯೋಗ ಮಾಡುವುದಾದರೆ ವ್ಯಾಪಾರದ ಯಂತ್ರದ ಮೇಲೆ ಬೇಡ. ನಮ್ಮ ನಡುವೆಯೇ ಇರುವ ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯದಂತಹ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇಂತಹ ಸಮಸ್ಯೆಗಳನ್ನು ಅಭ್ಯಾಸಕ್ಕೆ ಕೊಟ್ಟರೆ ಇಬ್ಬರಿಗೂ ಪ್ರಯೋಜನ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ರಾತ್ರಿ ಮಂಡಿ ಮುಚ್ಚುವಾಗ 'ಸ್ಲೀಪ್' ಬದಲು ಯಂತ್ರವನ್ನು ಆರಿಸಿ, ಇಲ್ಲವೇ 'ಹೈಬರ್ನೇಟ್' ಮಾಡಿ. ಲೆಕ್ಕದ ತಂತ್ರಾಂಶವನ್ನು ಮುಚ್ಚಿ, ಪ್ರತಿಯೊಂದನ್ನು ಬೇರೆಡೆ ಉಳಿಸಿಯೇ ಎದ್ದೇಳುವ ರೂಢಿ ಇರಲಿ.

2. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮೊದಲು ಅದು ನಿಜವಾಗಿ ಮಲಗಿದೆಯೇ ಎಂದು ನೋಡಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ಮುಚ್ಚಳ ಮುಚ್ಚಿದರೆ 'ಹೈಬರ್ನೇಟ್' ಆಗುವಂತೆ ಹೊಂದಿಸಿ.

3. ಟೆಂಡರಿನ ದಿನ ಯಂತ್ರವನ್ನು ಅವಧಿಗೆ ಕನಿಷ್ಠ ಅರ್ಧ ಗಂಟೆ ಮುನ್ನ ಚಾಲೂ ಮಾಡಿ, ಅವಧಿ ಮುಗಿಯುವವರೆಗೆ ಮಲಗದಂತೆ ಹೊಂದಿಸಿ.

4. ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುವಾಗ ಬೋರ್ಡಿನ ಬ್ಯಾಟರಿ, ಯುಪಿಎಸ್ ಬ್ಯಾಟರಿ, ಬಯಾಸ್ ಆವೃತ್ತಿ ಹಾಗೂ ಏಳಿಸುವ ಸಾಧನಗಳ ಪಟ್ಟಿಯ ತಪಾಸಣೆಯನ್ನು ಒಪ್ಪಂದದಲ್ಲಿಯೇ ಬರೆಸಿ.

5. ಹೊಸ ಯಂತ್ರ ಕೊಳ್ಳುವಾಗ ಮಾರಾಟಗಾರರ ಎದುರಿನಲ್ಲಿಯೇ ಹತ್ತು ಸಲ ಮಲಗಿಸಿ ಏಳಿಸಿ ನೋಡಿ. ಮುದ್ರಕ, ತೂಕದ ಯಂತ್ರ, ಸಹಿಯ ಟೋಕನ್ ಎಲ್ಲವನ್ನೂ ಜೋಡಿಸಿಯೇ ಪರೀಕ್ಷಿಸಿ. ತಯಾರಕರು ಎಷ್ಟು ವರ್ಷ ಬಯಾಸ್ ತಿದ್ದುಪಡಿ ನೀಡುತ್ತಾರೆಂದು ಕೇಳಿ.

ಕಾಯಿಪುಡಿ, ನಾರು, ಚಿಪ್ಪಿನ ಇದ್ದಿಲು ಮೊದಲಾದ ಘಟಕಗಳನ್ನು ನಡೆಸುವ ಸಣ್ಣ ಉದ್ಯಮಿಗಳಿಗೂ ಈ ಮಾತುಗಳು ಅನ್ವಯಿಸುತ್ತವೆ. ಉತ್ಪಾದನೆಯ ಲೆಕ್ಕವನ್ನೋ ಕ್ಯಾಮೆರಾ ದಾಖಲೆಯನ್ನೋ ಹಿಡಿಯುವ ಯಂತ್ರಕ್ಕೆ ನಿದ್ರೆಯೇ ಬೇಡ. ಅಂತಹ ಯಂತ್ರದಲ್ಲಿ ವಿದ್ಯುತ್ ಮರಳಿದೊಡನೆ ಚಾಲೂ ಆಗುವ ಆಯ್ಕೆಯೇ ಸರಿಯಾದುದು. ಮಂಡಿಯ ಮೇಜಿನ ಮೇಲೆ ದೋಷವೆನಿಸಿದ್ದು ಇಲ್ಲಿ ಗುಣವಾಗುತ್ತದೆ. ಯಾವ ಯಂತ್ರಕ್ಕೆ ಯಾವ ಕೆಲಸ ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಏಳಿಸುವ ಅಧಿಕಾರವನ್ನು ಹಂಚಬೇಕು.

ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿ ಒಳಗಿನ ಸ್ಥಿತಿ ಹೇಳುವವರು ನಮ್ಮ ಹಿರಿಯರು. ಒಡೆದು ನೋಡುವ ಮೊದಲು ಕೇಳಿ ನೋಡುವುದು ಅವರ ಪದ್ಧತಿ. ಗಣಕಯಂತ್ರವೂ ತಾನು ಏಕೆ ಎದ್ದೆನೆಂಬುದನ್ನು ಬಹುತೇಕ ತನ್ನ ದಿನಚರಿಯಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದಿದ ನಂತರವೇ ಹೊಸ ಯಂತ್ರಕ್ಕೆ ಹಣ ತೆಗೆಯುವ ಮಾತು.